ಹೊಳೆ ದಾಟಿಸಿದ ಬೆಕ್ಕು

"ಎಂತ ಮೀನ್ ಹಿಡೂಕೆ?"

ಹಂಗಾರಕಟ್ಟೆಯ ಬಲೆ, ಹಗ್ಗದ ಅಂಗಡಿಯಲ್ಲಿ ರವಿಚಂದ್ರ ನನ್ನ ಹತ್ತಿರ ಆಡಿದ ಮೊದಲ ಮಾತು ಇದು.

"ಮೀನಲ್ಲ. ಬೆಕ್ಕ್," ಎಂದೆ.

ಅವನು ಕೈಯಲ್ಲಿದ್ದ ಹಗ್ಗದ ಸುರುಳಿ ಕೆಳಗಿಟ್ಟ. "ಹ್ವಾಯ್, ಬಲೆ ಹಾಕಿ ಬೆಕ್ಕ್ ಹಿಡೂದಾ?"

"ಹಿಡೂಕಲ್ಲ ಮಾರಾಯ್ರೆ, ಒಳ್ಗ್ ಇಟ್ಕಂಬುಕೆ. ಮನಿ ಸಿಟೌಟ್ ಪೂರಾ ಕಟ್ಕ್. ಗಾಳಿ ಬರ್ಕ್, ಬೆಕ್ಕಿನ್ ತಲೆ ಹೊರ್ಗ್ ಹೋಪುಕಾಗ."

ಅವನ ನಗು ಮೊದಲು ಕಣ್ಣಿಗೆ ಬಂತು. ತುಟಿಗೆ ಇಳಿಯುವಷ್ಟರಲ್ಲಿ ನನ್ನ ಮುಖ ನೋಡಿ ಅದನ್ನು ನುಂಗಿಕೊಂಡ. ಒಳ್ಳೆಯದೇ ಆಯಿತು. ತೆಕ್ಕಟ್ಟೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ವಿನಯಾ ಜಗಳಗಂಟಿ ಎಂದು ಆಗಲೇ ಹೆಸರಿತ್ತು, ಅವತ್ತು ನಾನು ಜಗಳಕ್ಕೆ ತಯಾರಾಗಿಯೇ ಬಂದಿದ್ದೆ.

ನಮ್ಮ ಮನೆ ಇರುವುದು ಹೈವೇಯ ಬಾಯಿಗೇ. ಆ ರಸ್ತೆ ಅಗಲವಾದ ಮೇಲೆ ನನ್ನ ಎರಡು ಬೆಕ್ಕುಗಳನ್ನು ಡಾಂಬರಿನ ಮೇಲಿಂದ ನಾನೇ ಎತ್ತಿ ತಂದಿದ್ದೇನೆ. ಮೂರನೆಯದು ಬಂಗುಡೆ. ಮೈಮೇಲೆ ಬಂಗುಡೆ ಮೀನಿನ ಹಾಗೇ ಪಟ್ಟೆ ಇತ್ತು, ಅದಕ್ಕೇ ಆ ಹೆಸರು. ಇವಳನ್ನು ಹೊರಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದೆ.

ಭಾನುವಾರ ಬಲೆ ಕಟ್ಟಲು ಅವನೇ ಬಂದ. ಸ್ಟೂಲಿನ ಮೇಲೆ ನಿಂತು ಒಂದೊಂದೇ ಗಂಟು ಹಾಕುತ್ತಿದ್ದರೆ ಬಂಗುಡೆ ಕೆಳಗೆ ಕೂತು ಹಗ್ಗದ ತುದಿಗೆ ಹೊಡೆಯುತ್ತಿದ್ದಳು.

"ಪಾಪ, ಇದ್ಕ್ ಹೊರ್ಗ್ ಹೋಪುಕೇ ಇಲ್ಯಾ?"

"ಹೊರ್ಗೆ ಲಾರಿ ಇತ್ತ್."

"ಯಜಮಾನ್ತಿಗೆ?"

"ಯಜಮಾನ್ತಿ ಹೋಪುದ್ ಕರೂದ್ ಯಾರ್ ಅಂಬುದ್ರ್ ಮೇಲೆ."

ಸ್ಟೂಲು ಅಲುಗಾಡಿತು. ನಾನು ಹಿಡಿದುಕೊಂಡೆ. ಅವನು ಕೆಳಗೆ ನೋಡಿದ, ನಾನು ಮೇಲೆ ನೋಡಿದೆ. ಗಂಟು ಹಾಕುವ ಕೈ ಅಲ್ಲಿಗೇ ನಿಂತಿತ್ತು. ಬಂಗುಡೆಗೆ ಹಗ್ಗದ ತುದಿ ಸಿಕ್ಕಿಯೇ ಬಿಟ್ಟಿತು.

ಆಮೇಲೆ ಬಲೆಯ ಗಂಟು ಸಡಿಲವಾಗಿರಬಹುದು ಎಂದು ಆಗಾಗ ಬಂದ. ಬೆಕ್ಕು ಕೂತು ರಸ್ತೆ ನೋಡಲು ಬಲೆಯ ಒಳಗೆ ಹಲಗೆ ಹೊಡೆದುಕೊಟ್ಟ, ಉಗುರು ತೀಡಲು ಕಂಬಕ್ಕೆ ತೆಂಗಿನ ಹಗ್ಗ ಸುತ್ತಿಕೊಟ್ಟ. ಅವನ ಗಂಟು ಒಂದೂ ಸಡಿಲವಾಗಿರಲಿಲ್ಲ. ನಾನೂ ಹಾಗೆಂದು ಹೇಳಲು ಹೋಗಲಿಲ್ಲ.

ಮದುವೆಗೆ ಎರಡೂ ಮನೆಯವರು ಒಪ್ಪಿದರು. ನಿಶ್ಚಿತಾರ್ಥ ಮುಗಿದ ವಾರವೇ ಅವನ ಅಂಗಡಿಯಲ್ಲಿ ಕೂತು ನನ್ನದೊಂದು ಷರತ್ತು ಹೇಳಿದೆ.

"ಬಂಗುಡೆ ನನ್ ಒಟ್ಟಿಗ್ ಬತ್ತ್. ನಿಮ್ಮನಿ ಬಾಗ್ಲ್ ಇಡೀ ದಿನ ತೆರ್ದೇ ಇರತ್ತ್. ಅಂಗಳದ್ ಬದ್ಯಂಗೇ ಹೊಳೆ, ಧಕ್ಕೆಯಂಗೆ ನಾಯಿ. ಒಂದ್ ನೆಟ್ ಬಾಗ್ಲ್ ಹಾಕ್ಸ್ಕ್. ಅತ್ತೆ ಹತ್ರ ಕೇಣಿ. ಅವ್ರ್ ಆತಿಲ್ಲೆ ಅಂದ್ರೆ ಈಗ್ಳೇ ಹೇಳಿ, ಮದಿ ಬ್ಯಾಡ."

"ಒಂದ್ ಬೆಕ್ಕಿಗಾಯಿ ಮದಿ ಬ್ಯಾಡ ಅಂಬ್ಯಾ?"

"ಹೌದ್, ಅಂತೆ. ನಾನ್ ತಮಾಷಿ ಮಾಡ್ತಿಲ್ಲೆ."

ಅವನು ನನ್ನ ಬಳೆ ತಿರುಗಿಸುತ್ತಾ ಕೂತ. "ನೀ ಬಿಡ್ ಮರಾಯ್ತಿ, ನಾನ್ ಸಮ ಮಾಡ್ತೆ," ಎಂದ.

ಆಮೇಲೆ ಯಾವಾಗ ಕೇಳಿದರೂ ಅದೇ ಉತ್ತರ, ಅದೇ ನಗು. ಕೇಳಿದ್ದಾನೆ, ಒಪ್ಪಿಸುತ್ತಿದ್ದಾನೆ ಎಂದು ನಾನು ಅಂದುಕೊಂಡೆ.

ಮದುವೆ ಹತ್ತಿರ ಬಂದಾಗ ನಮ್ಮ ಮನೆಗೆ ಪೇಂಟಿನವರು ಬಂದರು. ಬಲೆ ಬಿಚ್ಚಿದರು, ಬಾಗಿಲುಗಳೆಲ್ಲ ತೆರೆದೇ ಬಿದ್ದವು. ಹೇಗೂ ಮುಂದೆ ಅಲ್ಲೇ ಇರಬೇಕಲ್ಲ ಎಂದು ಬಂಗುಡೆಯನ್ನು ಬುಟ್ಟಿಯಲ್ಲಿ ಕೂರಿಸಿ ಅವನ ಮನೆಯ ಮಹಡಿ ಕೋಣೆಗೆ ಬಿಟ್ಟು ಬಂದೆ. ಅವಳ ಕಕ್ಕಸಿಗೆಂದು ಹೊಯ್ಗೆ ಮರಳು ತುಂಬಿದ ಬೇಸಿನ್, ಅವಳ ತಟ್ಟೆ, ನನ್ನ ವಾಸನೆ ಇರಲಿ ಎಂದು ಒಗೆಯದ ಒಂದು ಚೂಡಿದಾರದ ಟಾಪು.

"ಸದ್ಯ ಈ ಕೋಣೆ ಮಾತ್ರ. ಜಾಗ ಅಭ್ಯಾಸ ಆಪಲ್ಲಿವರಿಗೆ ಬಾಗ್ಲ್ ತೆಗೂಕಾಗ. ಕಿಟ್ಕಿಯೂ."

"ನಿನ್ನ ಕಾಂಬುದ್ಕಿಂತ ಚಂದ ಕಾಂತೆ," ಎಂದು ಹಣೆಗೆ ಹಣೆ ತಾಗಿಸಿದ.

ಕೆಲವೇ ದಿನಗಳಲ್ಲಿ ಫೋನು ಬಂತು. ನಾನು ಮದುಮಗಳೊಬ್ಬಳ ರೆಪ್ಪೆಗೆ ಬಣ್ಣ ಹಚ್ಚುತ್ತಿದ್ದೆ. "ವಿನು, ಬಂಗುಡೆ ಕಾಂತಿಲ್ಲೆ. ಬಾಗ್ಲ್ ಯಾರ್ ತೆಗ್ದ್ರೋ ಗೊತ್ತಾಯ್ಲಿಲ್ಲೆ."

ಆ ಹುಡುಗಿಯ ಒಂದು ಕಣ್ಣಿಗೆ ಬಣ್ಣ, ಇನ್ನೊಂದಕ್ಕೆ ಇಲ್ಲ. ಹಾಗೇ ಅವಳನ್ನು ಸಹಾಯಕಿ ಪ್ರಣೀತಾಳ ಕೈಗೆ ಬಿಟ್ಟು ಓಡಿದೆ.

ರವಿ ಅಂಗಡಿ ಮುಚ್ಚಿ ನನ್ನ ಜೊತೆ ಹುಡುಕಿದ. ಹೆದರಿದ ಬೆಕ್ಕು ದೂರ ಹೋಗುವುದಿಲ್ಲ, ಹತ್ತಿರವೇ ಅಡಗಿರುತ್ತದೆ ಎಂದು ನಾನು ಹೇಳಿದ್ದಕ್ಕೆ ಕಟ್ಟುತ್ತಿರುವ ದೋಣಿಗಳ ಅಡಿಗೆಲ್ಲ ಟಾರ್ಚು ಬಿಟ್ಟ. ವಾಸನೆಗೆ ಬರಲಿ ಎಂದು ಅವಳ ಹೊಯ್ಗೆಯ ಬೇಸಿನ್ ಅಂಗಳಕ್ಕೆ ತಂದಿಟ್ಟ. ಸಂಜೆ ದೋಣಿಗಳು ನಿಲ್ಲುವ ಧಕ್ಕೆಯ ಗದ್ದಲ ಇಳಿದ ಮೇಲೆ ನಾನು ತಟ್ಟೆ ಬಡಿಯುತ್ತಾ ಹೆಸರು ಕರೆದರೆ ಅವನೂ ಕರೆಯುತ್ತಿದ್ದ. "ಬಂಗುಡೇ... ಬಾ ಮಗಾ..." ಅವನ ದನಿ ಒಡೆಯುತ್ತಿತ್ತು.

ನನ್ನ ಚಪ್ಪಲಿಯ ಬಾರು ಹರಿದಾಗ ತನ್ನದನ್ನು ಬಿಚ್ಚಿಕೊಟ್ಟು ಬರಿಗಾಲಲ್ಲಿ ಚಿಪ್ಪಿನ ಮೇಲೆ ನಡೆದ. ದೋಣಿಯ ನೆರಳಲ್ಲಿ ನಾನು ಅವನ ಹೆಗಲಿಗೆ ಮುಖವಿಟ್ಟು ಅತ್ತೆ. ಜಗಳಗಂಟಿ ಯಾರ ಮುಂದೆಯೂ ಹಾಗೆ ಅತ್ತಿರಲಿಲ್ಲ. ಅವನನ್ನು ನಾನು ಅತಿ ಹೆಚ್ಚು ಪ್ರೀತಿಸಿದ್ದು ಆ ಸಂಜೆಗಳಲ್ಲಿ. ಈಗ ನೆನೆದರೆ ಮೈ ಉರಿಯುತ್ತದೆ.

"ಒಂದ್ಸಲ ಆಚಿ ಬದಿ ಬೆಂಗ್ರೆಯಂಗೂ ಕಾಂಬನಾ?" ಎಂದಿದ್ದೆ.

"ಬೆಕ್ಕ್ ಹೊಳಿ ಈಜ್ಕಂಡ್ ಹೋತ್ತಾ ಹೆಣೆ?" ಎಂದ. ಅಳುವಿನ ನಡುವೆಯೂ ನಗು ಬಂತು.

ಅವನು ಸಾಮಾನು ತರಲು ಕುಂದಾಪುರಕ್ಕೆ ಹೋಗಿದ್ದ ದಿನ ಒಬ್ಬಳೇ ಹೊಳೆ ದಾಟಿಸುವ ಬಾರ್ಜ್ ಹತ್ತಿ ಆಚೆ ದಡದ ಬೆಂಗ್ರೆಗೆ ಹೋದೆ. ಅವನ ಮೇಲೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನೆರೆಕರೆಯವರ ಮೇಲೆ. ನಮ್ಮ ಕಡೆ ಬೇಡವಾದ ಬೆಕ್ಕನ್ನು ಕೊಲ್ಲುವುದಿಲ್ಲ. ಗೋಣಿಗೆ ತುಂಬಿ ಹೊಳೆ ದಾಟಿಸಿ ಬಿಡುತ್ತಾರೆ. ನೀರು ದಾಟಿದ ಬೆಕ್ಕಿಗೆ ದಾರಿ ಸಿಗುವುದಿಲ್ಲ ಎಂದು ನಂಬಿಕೆ. ಮೀನು ಒಣಗಿಸುವ ಕಡೆ ಬಿಟ್ಟರಂತೂ ಪುಣ್ಯದ ಕೆಲಸ ಮಾಡಿದ ಸಮಾಧಾನ. ಯಾರೋ ನನ್ನ ಬಂಗುಡೆಯನ್ನೂ ಹೀಗೆ ದಾಟಿಸಿರಬಹುದು ಎನ್ನಿಸಿತ್ತು.

ದಡದಲ್ಲಿ ಬಾಗಿ ಎಂಬ ಮುದುಕಿ ಮೀನು ಹರವುತ್ತಿದ್ದಳು. ಮೊಬೈಲಿನಲ್ಲಿ ಫೋಟೋ ತೋರಿಸಿದೆ.

"ಓ, ಈ ಪಟ್ಟಿ ಬೆಕ್ಕಾ? ಆ ದೋಣಿ ಅಡಿಯಂಗೆ ಇತ್ತ್ ಕಾಣ್. ನಾಯಿ ಕಚ್ಚಿ ಕೆಮಿ ಹರ್ದ್ ಹೋಯ್ತ್. ಮೀನ್ ಹಾಕ್ರೂ ಹತ್ರ ಬತ್ತಿಲ್ಲೆ."

"ಯಾರ್ ಬಿಟ್ಟದ್ ಅಬ್ಬೆ? ಗೊತ್ತಿತ್ತಾ?"

"ಬಲೆ ಅಂಗ್ಡಿ ರವಿ ಅಲ್ದಾ? ಗೋಣಿಯಂಗೆ ತಂದ್ ಬಿಟ್ಟ. 'ದಿನಾ ಒಂದ್ ಮೀನ್ ಹಾಕ್ ಅಬ್ಬೆ' ಅಂದೇಳಿ ಹೋದ. ಒಳ್ಳೆ ಗಂಡ್, ಪಾಪ."

ನಾನು ಅಲ್ಲೇ ಹೊಯ್ಗೆಯ ಮೇಲೆ ಕೂತೆ. ಬಾಗಿ ನೀರು ಕೊಟ್ಟಳು, ಕುಡಿದೆ.

ಬಂಗುಡೆ ಕೂಡಲೇ ಬರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ, ಎರಡು ಹೆಜ್ಜೆ ಬಂದು ನಿಂತು, ಮತ್ತೆ ಒಳಗೆ ಹೋಗಿ, ಕೊನೆಗೆ ನನ್ನ ಕೈ ಮೂಸಿದಳು. ಬಲಗಿವಿ ಅರ್ಧವಿತ್ತು. ಎತ್ತಿಕೊಂಡರೆ ಭಾರವೇ ಇಲ್ಲ. ದುಪಟ್ಟಾದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಬಾರ್ಜಿನಲ್ಲಿ ಕೂತೆ. ಎಂಜಿನ್ನಿನ ಸದ್ದಿಗೆ ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಇಳಿಯಲಿ ಎಂದು ಬಿಟ್ಟೆ.

ನೇರ ಅವನ ಮನೆಗೆ ಹೋದೆ. ಜಗಲಿಯಲ್ಲಿ ಅವನ ತಾಯಿ ಕುಸುಮಾವತಿ ಅಕ್ಕಿ ಆರಿಸುತ್ತಿದ್ದರು. ಗೆರಸಿ ಬದಿಗಿಟ್ಟು ಎದ್ದೇ ಬಂದರು.

"ಸಿಕ್ತಾ! ದೇವ್ರ್ ದೊಡ್ಡವ. ಎಲ್ಲಿತ್ತ್ ಮಗಾ? ಅಯ್ಯೋ ಕೆಮಿ ಎಂತ ಆಯ್ತ್?"

"ಅತ್ತೆ, ನೆಟ್ ಬಾಗ್ಲ್ ಹಾಕ್ಸೂಕೆ ನಿಮ್ಗ್ ಮನ್ಸಿಲ್ದಿರೆ ನಂಗೇ ಹೇಳ್ಲಕ್ಕಿತ್ತ್."

"ಎಂತ ನೆಟ್ ಬಾಗ್ಲ್?" ಅವರಿಗೆ ನಿಜವಾಗಿ ಅರ್ಥವಾಗಲಿಲ್ಲ. "ನನ್ ಹತ್ರ ಯಾರ್ ಕೇಂಡದ್? ಮೀನಿನ್ ನೊಣ ಒಳ್ಗ್ ಬತ್ತ್, ನೆಟ್ ಹಾಕ್ಸ್ ಅಂದೇಳಿ ನಾನೇ ಎಷ್ಟ್ ಸಲ ಅವಂಗ್ ಹೇಳಿದೆ."

ಬೈಕಿನ ಸದ್ದಾಯಿತು. ರವಿ ಇಳಿದ. ನನ್ನನ್ನು ನೋಡಿದ, ದುಪಟ್ಟಾದಿಂದ ಹೊರಗೆ ಬಂದಿದ್ದ ಹರಿದ ಕಿವಿ ನೋಡಿದ. ನಾನು ಬಸ್ ಸ್ಟಾಪಿನ ಕಡೆ ನಡೆದೆ, ಅವನು ಹಿಂದೆಯೇ ಬಂದ.

"ವಿನು, ನಿಲ್ಲ್. ಅಮ್ಮ ಆತಿಲ್ಲೆ ಅಂದ್ರೆ ಮದಿ ಬ್ಯಾಡ ಅಂದ್ಯಲ್ಲ ನೀ. ಅವ್ರ್ ಆತಿಲ್ಲೆ ಅಂದೇ ಬಿಟ್ರೆ ಅಂದೇಳಿ ಹೆದ್ರಿ ಕೇಣ್ಲೇ ಇಲ್ಲೆ ನಾನ್. ಬೆಕ್ಕ್ ಇಲ್ದಿರೆ ಆ ಮಾತೇ ಬತ್ತಿಲ್ಲೆ ಅಂದ್ಕಂಡೆ. ನಿನ್ನ ಕಳ್ಕಂಬುಕೆ ನನ್ನಿಂದ ಆತಿಲ್ಲೆ."

"ದೋಣಿ ಅಡಿಗೆಲ್ಲ ಹೊಕ್ಕಿ ಹುಡ್ಕಿದೆ ನಾನ್. ನೀವೂ ಒಟ್ಟಿಗ್ ನಿಂತ್ ಕರ್ದ್ರಿ. ಆಗ ನಿಮ್ಗ್ ಎಂತ ಅನ್ಸ್ತಿತ್ತ್?"

ಅವನು ನೆಲ ನೋಡಿದ. "ನೀ ಮರ್ಕ್ವತಿಗೆ, ಆ ಕಣ್ಣೀರ್ ಕಾಂಬತಿಗೆ, ಹೇಳುಕೆ ಬಾಯಿವರಿಗೆ ಬಂದಿತ್ತ್. ಆದ್ರೆ ನೀ ನಂಗೆ ಅಷ್ಟ್ ಹತ್ರ ಎಂದೂ ಬಂದಿರ್ಲಿಲ್ಲೆ ವಿನು. ಹೇಳ್ರೆ ಅದೂ ಹೋತ್ತ್ ಅಂದೇಳಿ..."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಕೊಂದದ್ದು.

"ಈಗ್ಳೇ ಅಮ್ಮನ್ನ ಕೇಂತೆ. ನೆಟ್ ನಾಳೆಯೇ ಹಾಕ್ಸ್ತೆ. ಇಡೀ ಮನಿಗೆ ಹಾಕ್ಸ್ತೆ."

ಹಾಕಿಸುತ್ತಿದ್ದ, ಖಂಡಿತ. ಚಂದ ಗಂಟು ಹಾಕಿ, ಹಲಗೆ ಹೊಡೆದು. ಆ ಕೈಗಳನ್ನು ನೋಡಿ ಆಯಿತು ಎಂದು ಹೇಳಿಬಿಡಲು ಜೀವ ಹಾತೊರೆಯಿತು. ನನಗೆ ಅವನು ಇನ್ನೂ ಬೇಕಾಗಿದ್ದ. ಆದರೆ ನಾಳೆ ಮನೆಯಲ್ಲಿ ಇನ್ಯಾವುದಕ್ಕೋ ಅವನು ಹೆದರುತ್ತಾನೆ. ಯಾರನ್ನೂ ಕೇಳದೆ ಏನೋ ಮಾಡಿ ಬರುತ್ತಾನೆ. ಆಮೇಲೆ ನನ್ನ ಪಕ್ಕ ಕೂತು ನನ್ನ ಕಣ್ಣೀರು ಒರೆಸುತ್ತಾನೆ, ನಾನು ಅವನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಆ ಬದುಕು ನನಗೆ ಬೇಡವಾಗಿತ್ತು.

ಬಸ್ಸು ಬಂತು. ಹತ್ತಿ ಕೂತೆ. ಅವನು ಕಿಟಕಿಯ ಹತ್ತಿರ ಬಂದು ನಿಂತ.

"ನನ್ನ ಬಿಟ್ಟ್ ಹೋತ್ಯಾ?"

"ಹೌದ್ ರವಿ."

ನಿಶ್ಚಿತಾರ್ಥದ ಉಂಗುರ ಬಿಚ್ಚಿ ಅವನ ಅಂಗೈಯಲ್ಲಿಟ್ಟೆ. ಅವನು ಬೆರಳು ಮಡಚಲಿಲ್ಲ. ಮಡಿಲಲ್ಲಿ ಬಂಗುಡೆ ದುಪಟ್ಟಾ ಕೊಡವಿಕೊಂಡು ತಲೆ ಎತ್ತಿ ಬೆಳಕಿನ ಕಡೆ ನೋಡಿದಳು. ಸೆಕೆ ತಡೆಯಲಾಗುತ್ತಿರಲಿಲ್ಲ, ಆದರೂ ಕಿಟಕಿಯ ಗಾಜು ಪೂರ್ತಿ ಎಳೆದು ಮುಚ್ಚಿದೆ. ಆಚೆಯಿಂದ ಅವನು ಏನೋ ಹೇಳುತ್ತಿದ್ದ, ತುಟಿ ಅಲುಗುವುದು ಕಾಣುತ್ತಿತ್ತು. ಕೇಳಬೇಕೆಂದು ಬಹಳ ಅನ್ನಿಸಿತು. ಬೆಕ್ಕು ಹೊರಗೆ ಹಾರಬಾರದಲ್ಲ, ಗಾಜು ತೆಗೆಯಲಿಲ್ಲ.