ಮೇಮು ಎಂದ ಯಂತ್ರ

ಸುವರ್ಚಲಳ ಯಂತ್ರ ತಪ್ಪು ಮಾಡುವುದಿಲ್ಲ ಎಂದು ಹೈದರಾಬಾದಿನ ಆ ವಿಶ್ವವಿದ್ಯಾಲಯದಲ್ಲಿ ನಂಬಿದವರು ಇಬ್ಬರೇ. ಒಬ್ಬಳು ಸುವರ್ಚಲ, ಇನ್ನೊಂದು ಆ ಯಂತ್ರ.

ಇಂಗ್ಲಿಷನ್ನು ತೆಲುಗಿಗೆ ತಿರುಗಿಸುವ ಆ ಅನುವಾದ ಯಂತ್ರವನ್ನು ಅವಳು ಹೆತ್ತ ಮಗುವಿನಂತೆ ಸಾಕಿದ್ದಳು. ಅದರ ತಪ್ಪು ಹುಡುಕುವುದು ಭಾಷಾವಿಜ್ಞಾನದ ಸಾಂಬಶಿವನ ಕೆಲಸ. ತಪ್ಪು ಸಿಕ್ಕಾಗ ಅವನ ಎಡ ಹುಬ್ಬು ಮಾತ್ರ ಮೇಲೇರುತ್ತಿತ್ತು. ಆ ಹುಬ್ಬಿನ ಮೇಲೆ ಅವಳಿಗೆ ಎಷ್ಟು ಸಿಟ್ಟೋ ಅಷ್ಟೇ ಪ್ರೀತಿ.

ನಮ್ಮ ಕನ್ನಡದ ‘ನಾವು’ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿಬಿಡುತ್ತದೆ, ಇಂಗ್ಲಿಷಿನದೂ ಹಾಗೆಯೇ. ತೆಲುಗಿನವರು ಮಾತ್ರ ಬಲು ಲೆಕ್ಕಾಚಾರದವರು. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’.

ಶುಕ್ರವಾರ ಸಾಂಬಶಿವ ಅವಳ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಕಳಿಸಿದ: ಭಾನುವಾರ ನಾವು ವರಂಗಲ್‌ಗೆ ಹೋಗುತ್ತಿದ್ದೇವೆ, ಮದುವೆ ಮಾತಾಡಲು. ಅವಳ ಫೋನಿಗೆ ಬಂದ ಇಂಗ್ಲಿಷೆಲ್ಲ ಯಂತ್ರದ ಕೈಯಲ್ಲಿ ತೆಲುಗಾಗಿಯೇ ಕಾಣುತ್ತಿತ್ತು. ಯಂತ್ರ ‘ಮೇಮು’ ಎಂದಿತು. ಅಂದರೆ ಅವನು, ಅವನ ಮನೆಯವರು. ಅವಳಿಲ್ಲ.

‘ಶುಭಾಶಯ’ ಎಂದಷ್ಟೇ ಬರೆದು ಅವಳು ಫೋನನ್ನು ಬೋರಲು ಹಾಕಿದಳು.

ಮರುದಿನ ಸಭಾಂಗಣದಲ್ಲಿ ಯಂತ್ರದ ಪ್ರದರ್ಶನವಿತ್ತು. ಬಾಗಿಲಲ್ಲೇ ಸಾಂಬಶಿವ ಅಡ್ಡ ನಿಂತ.

“ಶುಭಾಶಯ ಯಾತಕ್ಕೆ ಮೇಡಂ?”

“ಮದುವೆ ಆಗೋರಿಗೆ ಇನ್ನೇನ್ ಹೇಳ್ತಾರೆ? ಮೇಮು ಹೋಗ್ತಿದೀವಿ ಅಂತ ನೀವೇ ಬರೆದ್ರಲ್ಲ.”

“ನಾನು ಬರೆದಿದ್ದು ಇಂಗ್ಲಿಷಲ್ಲಿ ಕಣ್ರೀ! ವರಂಗಲ್‌ನಲ್ಲಿರೋ ಅಮ್ಮನಿಗೆ ನಿಮ್ಮ ವಿಷಯ ಹೇಳಿ, ಒಪ್ಪಿಸಿ ಬರೆದೆ. ಮೇಮು ಅಂದಿದ್ದು ನಿಮ್ಮ ಯಂತ್ರ.”

ಅವಳ ಜೀವ ಒಮ್ಮೆಲೇ ಹಗುರಾಯಿತು. ನಾಲಿಗೆ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. “ನನ್ನ ಯಂತ್ರ ತಪ್ಪು ಮಾಡಲ್ಲ.”

“ಹಾಗಾದ್ರೆ ಸರಿ,” ಎಂದ ಸಾಂಬಶಿವನ ಮುಖ ಸಣ್ಣಗಾಯಿತು. “ನಾನೊಬ್ಬನೇ ಹೋಗಿ ಅಮ್ಮನಿಗೆ ಹೇಳ್ತೀನಿ, ಅವಳು ಬರಲ್ಲ ಅಂತ.” ಅವನು ಹೋಗಿ ಮೂರನೆಯ ಸಾಲಿನಲ್ಲಿ ಕುಳಿತ.

ಪ್ರದರ್ಶನ ಚಪ್ಪಾಳೆಗಳ ನಡುವೆ ಸಾಗಿತು. ಕೊನೆಗೆ ಪ್ರೊಫೆಸರ್ ಆಂಜನೇಯುಲು ನಗುತ್ತಾ ಕೇಳಿದರು, “ಏನಮ್ಮಾ, ನಿನ್ನ ಯಂತ್ರ ಎಡವೋದೇ ಇಲ್ವಾ?”

ಸುವರ್ಚಲ ಮೂರನೆಯ ಸಾಲಿನತ್ತ ನೋಡಿದಳು. ಆಮೇಲೆ ಸಾಂಬಶಿವ ಕಳಿಸಿದ್ದ ಇಂಗ್ಲಿಷ್ ವಾಕ್ಯವನ್ನೇ ಟೈಪ್ ಮಾಡಿದಳು. ದೊಡ್ಡ ತೆರೆಯ ಮೇಲೆ ಮತ್ತೆ ‘ಮೇಮು’ ಮೂಡಿತು.

“ಎಡವಿದೆ ಸಾರ್,” ಎಂದಳು ತಲೆ ಎತ್ತಿಯೇ. ಸೋತವಳ ದನಿಯಲ್ಲ ಅದು. ಎಲ್ಲರೆದುರು ‘ಮೇಮು’ವನ್ನು ಅಳಿಸಿ ‘ಮನಂ’ ಎಂದು ಬರೆದಳು.

ಆಂಜನೇಯುಲು ಕನ್ನಡಕ ಸರಿಮಾಡಿಕೊಂಡರು. “ಮನಂ ಅಂತ ಹೇಗಮ್ಮಾ ಹೇಳ್ತೀಯ? ವಾಕ್ಯದಲ್ಲಿ ಆಧಾರವೇ ಇಲ್ವಲ್ಲ?”

“ವಾಕ್ಯದಲ್ಲಿಲ್ಲ ಸಾರ್. ಆಧಾರ ಅಲ್ಲಿ ಮೂರನೇ ಸಾಲಲ್ಲಿ ಕೂತಿದೆ.”

ಸಭೆಯೆಲ್ಲ ತಿರುಗಿ ನೋಡಿತು. ಸಾಂಬಶಿವನ ಹುಬ್ಬುಗಳು ಈ ಸಲ ಎರಡೂ ಮೇಲೇರಿದ್ದವು.