ಕ್ಯಾಲಿಪರ್‌ಗೆ ಕೆಂಪು ಬಣ್ಣ

ಬಾಗಿಲು ತಟ್ಟಿದವನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ.

"ಪೊಲೀಸಿಗೆ ಹೇಳಿ ಎಳೆಸ್ಕೊಂಡು ಹೋಗಿ. ನಂದೇನೂ ಅಭ್ಯಂತರ ಇಲ್ಲ."

"ಏನನ್ನ?"

"ಕಾರನ್ನ. ದಾರಿಗೆ ಅಡ್ಡ ಇದೆ ಅಂತ ತಾನೇ ಬಂದಿದ್ದು?"

"ಅಲ್ಲ ರೀ. ಮುಂದಿನ ಎರಡೂ ಚಕ್ರ ಹಿಡ್ಕೊಂಡಿವೆ. ಹಿಂಗೇ ಬಿಟ್ರೆ ಬ್ರೇಕ್ ಪೂರ್ತಿ ಹೋಗುತ್ತೆ. ಬಿಚ್ಚಿ ನೋಡ್ಲಾ ಅಂತ ಕೇಳೋಕೆ ಬಂದೆ."

ಆಗ ಅವನ ಮುಖ ನೋಡಿದೆ. ಒಂದು ಹುಬ್ಬು ಇನ್ನೊಂದಕ್ಕಿಂತ ಚೂರು ಮೇಲಿತ್ತು. ಹಾಗಾಗಿ ಸುಮ್ಮನಿದ್ದರೂ ಏನೋ ಕೇಳುತ್ತಿರುವವನ ಹಾಗೆ ಕಾಣುತ್ತಿದ್ದ. ಹೆಸರು ನರೇಶ್. ಜೋಗುಪಾಳ್ಯದ ನಮ್ಮ ವಠಾರದ ಕೆಳಗಿನ ಮನೆಗೆ ಬಂದು ಹತ್ತು ದಿನವಾಗಿತ್ತು. ಊರು ಹೂಡಿ, ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ.

"ಬಿಚ್ಕೊಳ್ಳಿ," ಎಂದು ಬಾಗಿಲು ಹಾಕಿದೆ.

ಇದು 2002ರ ಮಾತು. ಆ ವರ್ಷ ನನಗೆ ಏನೂ ಅನಿಸುತ್ತಿರಲಿಲ್ಲ. ಮದುವೆಯಾಗಿದ್ದ ಮನುಷ್ಯ ಕೆಟ್ಟವನೇನಲ್ಲ. ನಾನು ಏನು ಹೇಳಿದರೂ ಕೊನೆಗೆ "ಮುಗೀತಾ?" ಎಂದು ಕೇಳುತ್ತಿದ್ದ, ಅಷ್ಟೇ. ಎರಡು ವರ್ಷ ಅದನ್ನು ಕೇಳಿ ಕೇಳಿ ನಿಜವಾಗಿಯೂ ಮುಗಿದುಹೋದೆ. ಕೋರ್ಟಿನಲ್ಲಿ ಸಹಿ ಹಾಕಿದ ದಿನ ಅಪ್ಪ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ತುಂಬ ಚೆನ್ನಾಗಿತ್ತಂತೆ. ಅಪ್ಪನೇ ಹೇಳಿದ್ದು, ನನಗೆ ಗೊತ್ತಾಗಲಿಲ್ಲ.

ಮದುವೆಗೆ ಅಪ್ಪ ಕೊಟ್ಟಿದ್ದ ಬಿಳಿ ಜೆನ್ ಕಾರು ನನ್ನ ಜೊತೆಯಲ್ಲೇ ವಾಪಸ್ ಬಂದಿತ್ತು. ಹದಿನೈದು ತಿಂಗಳು ಬಿಸಿಲಲ್ಲಿ, ಮಳೆಯಲ್ಲಿ ಗೇಟಿನ ಪಕ್ಕ ನಿಂತೇ ಇತ್ತು. ಅದನ್ನು ಮುಟ್ಟಬೇಕೆಂದಾಗಲಿ ಮಾರಬೇಕೆಂದಾಗಲಿ ನನಗೆ ಹೊಳೆದೇ ಇರಲಿಲ್ಲ.

ಮೊದಲ ಭಾನುವಾರ ನರೇಶ್ ಚಕ್ರ ಬಿಚ್ಚಿದ. ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ನೋಡಲು ಬೇರೇನೂ ಇರಲಿಲ್ಲ.

"ಇದೇ ಕ್ಯಾಲಿಪರ್," ಎಂದು ತುಕ್ಕು ಹಿಡಿದ ಒಂದು ಗಡ್ಡೆಯನ್ನು ಎತ್ತಿ ತೋರಿಸಿದ. "ಬ್ರೇಕ್ ಒತ್ತಿದ್ರೆ ಒಳಗಿನ ಪಿಸ್ಟನ್ ಮುಂದಕ್ಕೆ ಬಂದು ಚಕ್ರದ ಡಿಸ್ಕನ್ನ ಹಿಡಿಯುತ್ತೆ. ಬಿಟ್ರೆ ಬಿಡ್ಬೇಕು. ಇದು ಬಿಡೋದನ್ನೇ ಮರ್ತುಬಿಟ್ಟಿದೆ."

"ಮೆಕ್ಯಾನಿಕ್‌ಗೆ ಕೊಟ್ರೆ ಆಗ್ತಿತ್ತಲ್ಲ?"

"ಆಗ್ತಿತ್ತು. ಒಂದೇ ದಿನದಲ್ಲಿ ಮುಗಿಸ್ಬಿಡ್ತಿದ್ದ." ಹೀಗೆಂದು ತಲೆ ಎತ್ತದೆ ನಕ್ಕ. ನಕ್ಕದ್ದು ಕಿವಿಯ ಹತ್ತಿರ ಮಾತ್ರ ಕಂಡಿತು.

ಎರಡನೇ ಭಾನುವಾರ ನನ್ನ ಕೈಗೂ ಒಂದು ತಂತಿ ಬ್ರಷ್ ಬಂತು. ಕಾಲಲ್ಲಿ ತುಳಿಯುವ ಪಂಪಿನಿಂದ ಗಾಳಿ ಹಾಕಿ ಪಿಸ್ಟನ್ ಹೊರಗೆ ತೆಗೆಯಬೇಕಿತ್ತು. "ಬೆರಳು ಇಡ್ಬೇಡಿ, ಹಾರಿ ಬರುತ್ತೆ," ಎಂದು ಅವನು ಹಳೆ ಟವೆಲ್ ಅಡ್ಡ ಹಿಡಿದ. ಅದು ಟಪ್ ಎಂದು ಟವೆಲಿಗೆ ಬಂದು ಬಿದ್ದಾಗ ನಾನು ಬೆಚ್ಚಿದೆ. ಅವನು ಪಿಸ್ಟನ್ ನೋಡಲಿಲ್ಲ, ನಾನು ಬೆಚ್ಚಿದ್ದನ್ನು ನೋಡಿದ.

"ಏನು?"

"ಏನಿಲ್ಲ. ನಿಮಗೆ ಬೆಚ್ಚೋಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ರಬ್ಬರ್ ಸೀಲುಗಳಿಗಾಗಿ ಶಿವಾಜಿನಗರದ ಕಲೀಮುಲ್ಲಾ ಅವರ ಅಂಗಡಿಗೆ ಅವನ ಸ್ಕೂಟರಿನಲ್ಲಿ ಹೋದೆವು. ಬಿಸಿ ತಡೆಯುವ ಬಣ್ಣವೂ ಅಲ್ಲೇ ಸಿಕ್ಕಿತು. ಕಲೀಮುಲ್ಲಾ ಮೂರು ಡಬ್ಬಿ ಇಟ್ಟು, "ಕೌನ್‌ಸಾ ಮೇಡಂ? ಕಪ್ಪಾ, ಸಿಲ್ವರಾ, ಕೆಂಪಾ?" ಎಂದರು.

"ಯಾವುದಾದ್ರೂ ಸರಿ," ಎಂದೆ.

"ಯಾವುದಾದ್ರೂ ಅನ್ನೋ ಬಣ್ಣ ಇವರ ಹತ್ರ ಸ್ಟಾಕ್ ಇಲ್ವಂತೆ," ಎಂದ ನರೇಶ್. ಇಬ್ಬರೂ ಕಾದರು. ಹಿಂದೆ ನಾಲ್ಕು ಜನ ಗಿರಾಕಿಗಳೂ ಕಾದರು. ಕೊನೆಗೆ ಕೆಂಪು ಡಬ್ಬಿಗೆ ಬೆರಳು ತೋರಿಸಿದೆ. ಇಷ್ಟವಾಗಿ ಅಲ್ಲ, ಹತ್ತಿರ ಇತ್ತು ಅಂತ.

ಮೂರನೇ ಭಾನುವಾರ ಟೆರೇಸಿನಲ್ಲಿ ಎರಡೂ ಕ್ಯಾಲಿಪರ್‌ಗಳಿಗೆ ಬಣ್ಣ ಬಳಿಯಲು ಕೂತೆವು. ಅವ್ವ ಚಹಾ ತಂದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಐತವಾರ ಬಂತಂದ್ರ ಇದ ಆತು. ಗಾಲಿ ಒಳಗಿಂದು ಯಾರಿಗೆ ಕಾಣ್ತೈತಿ? ಅದಕ್ಕ್ಯಾಕ ಬಣ್ಣ?"

"ಹಚ್ಚಿದೋರಿಗೆ ಗೊತ್ತಿರುತ್ತಲ್ಲ ಅಮ್ಮ," ಎಂದ ನರೇಶ್. ಅವ್ವ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೆಳಗೆ ಹೋದಳು.

ಅವಳು ಹೋದ ಮೇಲೆ ಅವನು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ, ಅದೇ ದನಿಯಲ್ಲಿ ಹೇಳಿದ. "ಸುಪ್ರೀತಾ, ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ ನನಗೆ. ನಿಮಗೇನನ್ಸುತ್ತೆ?"

"ಏನೂ ಅನ್ಸಲ್ಲ."

"ನನ್ನ ಬಗ್ಗೆನಾ?"

"ಯಾವುದರ ಬಗ್ಗೆನೂ. ಸುಳ್ಳು ಹೇಳೋಕಾಗಲ್ಲ ನರೇಶ್. ಒಳಗೆ ಏನೂ ಆಗ್ತಿಲ್ಲ."

ಅವನು ತಲೆಯಾಡಿಸಿದ. ಸಿಟ್ಟಾಗಲಿಲ್ಲ, ಮುಖ ಸಣ್ಣದಾಯಿತು ಅಷ್ಟೇ. "ಹೊಸೂರಿನ ಪ್ಲಾಂಟ್‌ಗೆ ಕರೀತಾ ಇದಾರೆ. ಬ್ರೇಕ್ ಮುಗೀಲಿ, ಆಗ ಒಂದು ಮಾತು ಹೇಳಿ. ಬೇಡ ಅಂದ್ರೆ ಮಾರನೇ ದಿನವೇ ಅಲ್ಲಿಗೆ ಹೋಗ್ತೀನಿ. ದಿನಾ ಮೆಟ್ಟಿಲ ಮೇಲೆ ಸಿಕ್ಕಿ ನಿಮಗೆ ಮುಜುಗರ ಆಗೋದು ಬೇಡ."

"ಯಾವಾಗ ಮುಗಿಯುತ್ತೆ?"

"ಮುಂದಿನ ಭಾನುವಾರ."

ಒಣಗಲೆಂದು ಎರಡನ್ನೂ ತಂತಿಯಲ್ಲಿ ಕಟ್ಟಿ ತೂಗುಹಾಕಿದ. ಒಂದಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಚೀಟಿ ಕಟ್ಟಿದ. "ನೋಡೋಕೆ ಅವಳಿ ಜವಳಿ. ಆದ್ರೆ ಅದಲು ಬದಲಾದ್ರೆ ಗಾಳಿ ಬಿಡೋ ಸ್ಕ್ರೂ ಕೆಳಗೆ ಹೋಗ್ಬಿಡುತ್ತೆ. ಗಾಳಿ ಮೇಲೇ ಉಳ್ಕೊಳ್ಳುತ್ತೆ. ಎಷ್ಟು ಒತ್ತಿದ್ರೂ ಬ್ರೇಕ್ ಹಿಡಿಯಲ್ಲ."

ಆ ವಾರ ನೂರಡಿ ರಸ್ತೆಯ ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳನ್ನು ಟೈಪ್ ಮಾಡುತ್ತಾ ಉತ್ತರ ಹುಡುಕಿದೆ. ಹೂಂ ಎನ್ನಲು ಸಂತೋಷ ಬೇಕು, ಅದು ಇರಲಿಲ್ಲ. ಬೇಡ ಎನ್ನಲು ಕಾರಣ ಬೇಕು, ಅದೂ ಇರಲಿಲ್ಲ. ಶನಿವಾರ ಸಂಜೆ ಬಟ್ಟೆ ತೆಗೆಯಲು ಟೆರೇಸಿಗೆ ಹೋದೆ. ಬಟ್ಟೆ ತೆಗೆದೆ. ಆಮೇಲೆ ಎರಡೂ ಚೀಟಿ ಬಿಚ್ಚಿ, ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಕಟ್ಟಿದೆ.

ಯಾಕೆಂದು ಗೊತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳು. ನನಗೆ ಇನ್ನೊಂದು ಭಾನುವಾರ ಬೇಕಿತ್ತು.

ನಾಲ್ಕನೇ ಭಾನುವಾರ ಕಾರು ಜಾಕಿನ ಮೇಲಿತ್ತು. ಕ್ಯಾಲಿಪರ್ ಜೋಡಿಸಿದ ಮೇಲೆ ನಳಿಗೆಯೊಳಗಿನ ಗಾಳಿ ತೆಗೆಯಬೇಕು, ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಒಬ್ಬರು ಚಕ್ರದ ಹತ್ತಿರ ಸ್ಕ್ರೂ ಸಡಿಲಿಸಬೇಕು. ಮುಖ ಕಾಣುವುದಿಲ್ಲ, ದನಿ ಮಾತ್ರ.

"ಒತ್ತಿ."

"ಒತ್ತಿದೆ."

"ಹಿಡೀರಿ. ಬಿಡ್ಬೇಡಿ."

"ಹಿಡಿದಿದೀನಿ."

"ಹಾಂ, ಈಗ ಬಿಡಿ."

ಹೀಗೇ ಒಂದು ಗಂಟೆ ಆಯಿತು. ಪೆಡಲ್ ಮೆತ್ತಗೆ ನೆಲಕ್ಕೇ ಹೋಗುತ್ತಿತ್ತು. ನಾನು ಕಾಲು ಬದಲಿಸಿ ಒತ್ತಿದೆ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಆತುರವೂ ಇರಲಿಲ್ಲ. ಅದೇ ತಡೆಯಲಾಗಲಿಲ್ಲ. ಇಳಿದು ಹೋಗಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ನರೇಶ್, ಚೀಟಿ ಬದಲಾಯ್ಸಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಬೆಳಿಗ್ಗೆ ಕೈಗೆ ತಗೊಂಡಾಗ್ಲೇ. ಟೂಲ್‌ರೂಮಲ್ಲಿ ಎಂಟು ವರ್ಷ ಆಯ್ತು ರೀ, ಎಡ ಬಲ ಗೊತ್ತಾಗಲ್ವಾ?"

"ಮತ್ಯಾಕೆ ಹಂಗೇ ಫಿಟ್ ಮಾಡಿದ್ರಿ?"

ಅವನು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. ಬೆರಳುಗಳ ಮೇಲೆ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. "ನಾಲ್ಕು ವಾರದಲ್ಲಿ ನೀವು ಏನನ್ನಾದ್ರೂ ಬೇಕು ಅಂತ ಮಾಡಿದ್ದು ಅದೊಂದೇ. ಬಿಚ್ಚೋಕೆ ಮನಸ್ಸು ಬರ್ಲಿಲ್ಲ." ಆಮೇಲೆ ಗಂಭೀರವಾಗಿ ಹೇಳಿದ, "ಆದ್ರೆ ಬ್ರೇಕ್ ಜೊತೆ ಇನ್ಮೇಲೆ ಆಟ ಆಡ್ಬೇಡಿ. ಬೇಕಾದ್ದನ್ನ ಬಾಯಿಬಿಟ್ಟು ಕೇಳಿ."

"ಕೇಳೋಕೆ ಬರಲ್ಲ."

"ಈಗ ಒಳಗೆ ಏನಾಗ್ತಿದೆ? ಅಷ್ಟಾದ್ರೂ ಹೇಳಿ."

ನಾನು ಹುಡುಕಿದೆ. ಸಂತೋಷ ಸಿಗಲಿಲ್ಲ. ಹಾಡು ಗೀಡು ಏನೂ ಕೇಳಿಸಲಿಲ್ಲ. ಸಿಕ್ಕಿದ್ದು ಒಂದೇ.

"ಭಯ ಆಗ್ತಿದೆ," ಎಂದೆ. "ನೀವು ಹೊಸೂರಿಗೆ ಹೋಗ್ಬಿಡ್ತೀರ ಅಂತ."

ಅವನು ಸ್ಪ್ಯಾನರನ್ನು ಕೆಳಗಿಟ್ಟ. ಮಾತು ಮುಗಿಯಿತೇ ಎಂದು ಕೇಳಲಿಲ್ಲ. ಇನ್ನೂ ಇದೆಯೇನೋ ಎಂಬಂತೆ ಕಾದ. ಆ ಕಾಯುವಿಕೆಗೇ ನನ್ನ ಕಣ್ಣು ತುಂಬಿ ಬಂತು. ಹದಿನೈದು ತಿಂಗಳಲ್ಲಿ ಮೊದಲ ಸಲ ಅತ್ತೆ, ಗೇಟಿನ ಪಕ್ಕ ಕೂತು, ಮೂಗು ಸೋರಿಸಿಕೊಂಡು, ಚೂರೂ ಅಂದವಿಲ್ಲದೆ. ಅವನು ಗ್ರೀಸ್ ಮೆತ್ತಿದ ಬಟ್ಟೆ ಕೊಡಲು ಹೋಗಿ, ನಾಚಿ, ತನ್ನ ತೋಳನ್ನೇ ಮುಂದೆ ಚಾಚಿದ. ಅಂಗಿಯ ತೋಳಿಗೆ ಮುಖ ಒರೆಸಿಕೊಂಡೆ.

"ಭಯ ಸಾಕು," ಎಂದ ಮೆಲ್ಲಗೆ. "ಅದರಿಂದ್ಲೇ ಶುರು ಮಾಡೋಣ. ನಾನು ಹೊಸೂರಿಗೆ ಹೋಗಲ್ಲ."

ಅಷ್ಟರಲ್ಲಿ ಅವ್ವ ಮೇಲಿನ ಕಟಕಟೆಯಿಂದ ಬಗ್ಗಿದಳು. ಬೆಳಗಿನಿಂದ ಎಲ್ಲ ನೋಡುತ್ತಲೇ ಇದ್ದಳೆಂದು ಕಾಣುತ್ತದೆ.

"ಸುಪ್ರೀತಾ, ಬ್ರೇಕ್ ಹಿಡೀತೇನು?"

"ಇಲ್ಲವ್ವಾ. ಮತ್ತ ಎಲ್ಲಾ ಬಿಚ್ಚಬೇಕು."

"ಇನ್ನಾ ಎಷ್ಟ್ ಐತವಾರ ಬೇಕು ನಿನಗ?"

ನರೇಶ್ ನನ್ನ ಕಡೆ ತಿರುಗಿದ.

"ಎಲ್ಲಾ ಬೇಕವ್ವಾ," ಎಂದೆ.