‘ತಗಳ್ಳಿ’ ಎನ್ನುವ ಮೆಷಿನ್ನು

ರೂತಮ್ಮ ಕೇಳಿದ್ದು ಕಾಣಿಕೆ ಡಬ್ಬಿಯನ್ನೇ ಎಂದು ಮಾಸ್ತಪ್ಪ ತಿಳಿದ. ಅವನ ತಪ್ಪೇನೂ ಇರಲಿಲ್ಲ. ಸಾಗರದ ಪೇಟೆಯಲ್ಲಿ ಬಡಗಿ ಅಂಗಡಿ ಇಟ್ಟು ಎಂಟು ವರ್ಷವಾಗಿತ್ತು. ಕಂಡಿ ಇರುವ ಮರದ ಪೆಟ್ಟಿಗೆ ಮಾಡಿಸಿಕೊಂಡವರೆಲ್ಲ ದೇವಸ್ಥಾನದವರೇ.

“ಬೀಗ ಎಲ್ಲಿ ಬರ್ಬೇಕು?” ಎಂದು ಕೇಳಿದ.

“ಬೀಗ ಬೇಡ. ಇದು ದುಡ್ಡು ತಗೊಳ್ಳೋ ಪೆಟ್ಟಿಗೆ ಅಲ್ಲ. ದುಡ್ಡು ಕೊಡೋದು.”

ಮಾಸ್ತಪ್ಪ ಉಳಿ ಕೆಳಗಿಟ್ಟ. “ಅಂಥದ್ದು ಮಾಡಕ್ಕೆ ಬಂದಿದ್ರೆ ನಾನ್ ಯಾಕೆ ಇಲ್ಲಿ ಹಲಗೆ ಕೊಯ್ಕೊಂಡು ಕೂತಿರ್ತಿದ್ದೆ, ರೂತಮ್ಮಾ?”

ರೂತ್ ಅಮೆರಿಕದವಳು. ಮಲೆನಾಡಿನ ದೀವರ ಸಮುದಾಯದ ಮನೆಗಳ ಗೋಡೆಯ ಚಿತ್ತಾರವನ್ನು ಅಭ್ಯಾಸ ಮಾಡಲು ಎರಡು ವರ್ಷದ ಹಿಂದೆ ಬಂದವಳು ಕನ್ನಡ ಕಲಿತು, ಊರವರ ಬಾಯಲ್ಲಿ ರೂತಮ್ಮನಾಗಿದ್ದಳು. ಅವಳು ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದಳು. ಈ ಏಪ್ರಿಲ್‌ನಲ್ಲಿ, ಅಂದರೆ ಎಂಬತ್ತೆಂಟರ ಏಪ್ರಿಲ್‌ನಲ್ಲಿ, ಆನಂದಪುರದ ಆಚೆಯ ಕೆರಿಯಮ್ಮ ಮತ್ತು ಅವರ ತಂಗಿಯ ಮಗಳು ಯುರೋಪಿಗೆ ಹೋಗಿ ಮೂರು ಊರಿನ ಮ್ಯೂಸಿಯಮ್ಮುಗಳಲ್ಲಿ ಚಿತ್ತಾರ ಬರೆಯಬೇಕು. ಒಟ್ಟು ಆರು ವಾರ. ಖರ್ಚಿನ ಹಣವನ್ನು ಅಮೆರಿಕದ ಯೂನಿವರ್ಸಿಟಿಯೊಂದು ಅಲ್ಲಿನ ಬ್ಯಾಂಕಿನಲ್ಲಿ ಇಟ್ಟಿದೆ. ಬ್ಯಾಂಕಿನವರು ಒಂದು ಪ್ಲಾಸ್ಟಿಕ್ ಕಾರ್ಡು ಕಳಿಸಿದ್ದಾರೆ. ಅದನ್ನು ಯುರೋಪಿನ ಬೀದಿಗಳಲ್ಲಿ ಗೋಡೆಗೆ ಕೂರಿಸಿದ ಮೆಷಿನ್ನಿಗೆ ತೂರಿಸಿ, ನಾಲ್ಕು ಅಂಕಿ ಒತ್ತಿದರೆ ನೋಟು ಹೊರಗೆ ಬರುತ್ತದೆ.

“ಮೊದಲನೇ ವಾರ ಮಾತ್ರ ನಾನು ಜೊತೆಗಿರ್ತೀನಿ. ಆಮೇಲೆ ಅವರಿಬ್ಬರೇ. ಕೆರಿಯಮ್ಮನಿಗೆ ಅಂಕಿ ಬರಲ್ಲ. ಅವರ ತಂಗಿ ಮಗಳು ಜಲಜ ಕಲೀಬೇಕು. ಅವಳು ಮೂರು ಸಲ ಸರಿಯಾಗಿ ಮಾಡಿ ತೋರಿಸಿದ್ರೆ ಕಳಿಸ್ತೀನಿ. ಇಲ್ಲದಿದ್ರೆ ಅಲ್ಲಿ ಉಪವಾಸ ಬೀಳ್ತಾರೆ, ಆ ಪಾಪ ನನಗೆ ಬೇಡ.”

ಜಲಜ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಮಾಸ್ತಪ್ಪ ಬೇರೇನೂ ಕೇಳಲಿಲ್ಲ. ಹಲಸಿನ ಹಲಗೆ ಹುಡುಕಲು ಎದ್ದ.

ಹಿಂದಿನ ವರ್ಷ ಹೊಸನಗರದ ಒಂದು ಮದುವೆ ಮನೆಯಲ್ಲಿ ಅವನು ಬಾಗಿಲು ಸರಿ ಮಾಡುತ್ತಿದ್ದಾಗ, ಒಳಗೋಡೆಯಲ್ಲಿ ಅವಳು ಹಸೆ ಚಿತ್ತಾರ ಬರೆಯುತ್ತಿದ್ದಳು. ಕೆಮ್ಮಣ್ಣು ಬಳಿದ ಗೋಡೆ, ಪುಂಡಿ ನಾರಿನ ಕುಂಚ, ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಮಾಸ್ತಪ್ಪ ಅತ್ತ ನೋಡುತ್ತ ಇತ್ತ ಮೊಳೆ ಹೊಡೆದ. ಅವಳು ತಿರುಗಿಯೂ ನೋಡದೆ, “ಮೊಳೆ ಸೊಟ್ಟ ಹೋಯ್ತು,” ಎಂದಳು. ಬರೀ ಸದ್ದು ಕೇಳಿಯೇ ಹೇಳಿದ್ದಳು! ಮೊಳೆಯನ್ನೇನೋ ಅವನು ಕಿತ್ತು ನೆಟ್ಟಗೆ ಹೊಡೆದ. ಮನಸ್ಸು ಮಾತ್ರ ಅವತ್ತಿನಿಂದ ನೆಟ್ಟಗಾಗಿರಲಿಲ್ಲ.

ಪೆಟ್ಟಿಗೆ ನಾಲ್ಕು ದಿನದಲ್ಲಿ ತಯಾರಾಯಿತು. ಮೇಲೆ ಕಾರ್ಡಿಗೆ ಒಂದು ಕಂಡಿ, ನಡುವೆ ಅಂಕಿ ಬರೆದ ಹತ್ತು ಗುಂಡಿ, ಕೆಳಗೆ ನೋಟಿಗೆ ಅಗಲವಾದ ಕಂಡಿ. ಹಿಂಭಾಗ ಪೂರ್ತಿ ಖಾಲಿ. ಅಲ್ಲಿ ಮಣೆಯ ಮೇಲೆ ಮಾಸ್ತಪ್ಪ ಕೂರಬೇಕು. ಕಾರ್ಡು ಬಂದರೆ ಎಳೆದುಕೊಳ್ಳಬೇಕು, ಅಂಕಿ ಸರಿಯಿದ್ದರೆ ಅದನ್ನು ವಾಪಸು ತಳ್ಳಬೇಕು, ಆಮೇಲೆ ಹಳೆ ಕ್ಯಾಲೆಂಡರ್ ಕತ್ತರಿಸಿ ಮಾಡಿದ ನೋಟನ್ನು ಹೊರಗೆ ಚಾಚಬೇಕು.

“ನೋಟು ಚಾಚಿ ಹತ್ತು ಎಣಿಸಿ,” ಎಂದಿದ್ದಳು ರೂತಮ್ಮ. “ಅಷ್ಟರಲ್ಲಿ ತಗೊಳ್ಳದಿದ್ರೆ ಒಳಗೆಳ್ಕೊಳ್ಳಿ. ಅದು ಯಾರ ಮುಖಾನೂ ನೋಡಲ್ಲ.” ಇಷ್ಟು ಹೇಳಿ ಅವಳು ವೀಸಾ ಕೆಲಸಕ್ಕೆಂದು ಮದರಾಸಿಗೆ ಹೋದಳು, ಹತ್ತು ದಿನಕ್ಕೆ.

ಮಾಸ್ತಪ್ಪ ಪೆಟ್ಟಿಗೆಯನ್ನು ಕೆರಿಯಮ್ಮನ ಮನೆಗೆ ಸಾಗಿಸಿಟ್ಟು, ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಆನಂದಪುರದ ಬಸ್ಸು ಹತ್ತಿದ.

ಮೊದಲ ದಿನ ಜಲಜ ಕಾರ್ಡು ತೂರಿಸಿದಳು, ಅಂಕಿ ಒತ್ತಿದಳು, ಒಂದೂ ತಪ್ಪಲಿಲ್ಲ. ಮಾಸ್ತಪ್ಪ ನೋಟು ಚಾಚಿದ. ಕಂಡಿಯ ಆಚೆ ಅವಳ ಬೆರಳು ಬಂದವು, ಬಂದು ನಿಂತವು. ಉಗುರಿನ ಅಂಚಿನಲ್ಲಿ ಹಳದಿ ಬಣ್ಣ ಇನ್ನೂ ಉಳಿದಿತ್ತು. ಅವನು ಹತ್ತು ಎಣಿಸಿದ. ಬೆರಳು ಅಲ್ಲಾಡಲಿಲ್ಲ.

“ಎಂತ ಆಯ್ತು?” ಎಂದ ಮೆಷಿನ್ನಿನೊಳಗಿಂದ.

“ಎಂತದೂ ಇಲ್ಲ.”

“ಮತ್ತೆ ತಗಳ್ಳಿ.”

“ಇರ್ಲಿ,” ಎಂದಳು ಜಲಜ.

ತಾನು ಒಂದು ಪೆಟ್ಟಿಗೆಗೆ ಉಪಚಾರ ಹೇಳಿದೆನೆಂದು ಹೊಳೆದು ಅವಳೇ ನಕ್ಕುಬಿಟ್ಟಳು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಕೆರಿಯಮ್ಮ ಮಾತ್ರ ನಗಲಿಲ್ಲ.

“ಅದ್ರಲ್ಲಿ ನಗೋದೆಂತ? ನಾನು ಕಲಿಸಿದ್ದೇ ಹಾಗೆ. ಹಸೆ ಬರೆದ ಮನೇಲಿ ದುಡ್ಡಿಗಿಂತ ಮುಂಚೆ ಕೈ ಹೋಗ್ಬಾರ್ದು. ಒಂದ್ಸಲ ತಗಳ್ಳಿ ಅಂದ್ರೆ ಇರ್ಲಿ ಅನ್ಬೇಕು. ಎರಡನೇ ಸಲ ಅಂದ್ರೆ ಎರಡೂ ಕೈಲಿ ತಗಂಡು ಕಣ್ಣಿಗೊತ್ಕೊಬೇಕು.”

ಹನ್ನೆರಡನೇ ವಯಸ್ಸಿನಿಂದ ದೊಡ್ಡಮ್ಮನ ಜೊತೆ ಊರೂರು ತಿರುಗಿದ ಕೈ ಅದು. ಮನಸ್ಸಿಗೆ ಗೊತ್ತಿದ್ದರೂ ಬೆರಳಿಗೆ ಗೊತ್ತಿರಲಿಲ್ಲ. ಮಾಸ್ತಪ್ಪ ಆಗಲೇ ನೋಟನ್ನು ಒಳಗೆಳೆದುಕೊಳ್ಳಬೇಕಿತ್ತು. ಅವನು ಎಳೆಯಲಿಲ್ಲ. “ತಗಳ್ಳಿ,” ಎಂದ ಮತ್ತೊಮ್ಮೆ. ಅವಳು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಎರಡನೇ ದಿನವೂ ಅದೇ ಆಯಿತು. ಮೂರನೇ ದಿನದ ಹೊತ್ತಿಗೆ ಅದೊಂದು ಆಟವೇ ಆಗಿತ್ತು.

“ಯುರೋಪಿನ ಮೆಷಿನ್ನೂ ಹೀಗೆ ಮಾತಾಡ್ತದಾ?” ಎಂದು ಅವಳು ಕಂಡಿಯಲ್ಲಿ ಬಗ್ಗಿ ನೋಡಿದಳು. ಒಳಗಿದ್ದ ಮಾಸ್ತಪ್ಪನಿಗೆ ಕಂಡದ್ದು ಅವಳ ಒಂದೇ ಕಣ್ಣು, ಅದರ ತುಂಬ ತುಂಟತನ.

“ಅದು ಮೂಕ. ಸಾಗರದ್ದಕ್ಕೆ ಮಾತ್ರ ಬಾಯಿ ಇರೋದು.”

“ಬಾಯಿ ಒಂದೇನಾ? ಕಣ್ಣೂ ಇರೋ ಹಾಗೆ ಕಾಣ್ತದಪ್ಪ.”

ಮಾಸ್ತಪ್ಪನ ಕಿವಿ ಬಿಸಿಯಾಯಿತು. ಪೆಟ್ಟಿಗೆಯ ಹಿಂದೆ ಕೂತಿದ್ದಕ್ಕೆ ಮಾನ ಉಳಿಯಿತು. ಎದುರಿಗೆ ನಿಂತು ನಾಲ್ಕು ಮಾತು ಆಡಲಾರದವನು ಹಲಗೆಯ ಮರೆಯಲ್ಲಿ ಏನೇನೋ ಮಾತಾಡಿದ. ಅವಳೂ ಕುಂಚ ಹಿಡಿಯುವ ಹೊತ್ತನ್ನು ಮುರಿದು ಅಲ್ಲೇ ಕೂತಳು. ಕೆರಿಯಮ್ಮನಿಗೆ ಇದೆಲ್ಲ ಕಾಣದೇ ಇರಲಿಲ್ಲ. ಆದರೆ ಹುಡುಗ ನಮ್ಮವನೇ, ಕೈಯಲ್ಲಿ ಕೆಲಸವಿದೆ ಎಂದು ಸುಮ್ಮನಿದ್ದರು.

ಹತ್ತು ದಿನವೂ ಮಾಸ್ತಪ್ಪ ಒಮ್ಮೆಯೂ ನೋಟು ಹಿಂದಕ್ಕೆಳೆಯಲಿಲ್ಲ.

ರೂತಮ್ಮ ಬಂದಳು. ಪೆಟ್ಟಿಗೆಯ ಹಿಂದೆ ತಾನೇ ಕೂತಳು. ಮಾಸ್ತಪ್ಪ ಕಂಬಕ್ಕೊರಗಿ ನಿಂತ. ಜಲಜ ಕಾರ್ಡು ತೂರಿಸಿ ಅಂಕಿ ಒತ್ತಿದಳು. ನೋಟು ಬಂತು. ಬೆರಳು ಹೋಯಿತು, ನಿಂತಿತು, ಕಾಯಿತು. ಯಾರೂ ತಗಳ್ಳಿ ಎನ್ನಲಿಲ್ಲ. ಅವಳ ಕಣ್ಣ ಮುಂದೆಯೇ ನೋಟು ಸರ್ರನೆ ಒಳಗೆ ಹೋಯಿತು. ಎರಡನೇ ಸಲವೂ ಹಾಗೆಯೇ ಆಯಿತು. ಮೂರನೇ ಸಲ ಅವಳು ಗಾಬರಿಯಲ್ಲಿ ಕೈ ಹಾಕುವಷ್ಟರಲ್ಲಿ ಕಂಡಿ ಖಾಲಿಯಾಗಿತ್ತು.

ರೂತಮ್ಮ ಎದ್ದು ಬಂದು ಜಲಜಳ ಭುಜ ಮುಟ್ಟಿದಳು. “ಬೇಜಾರು ಮಾಡ್ಕೋಬೇಡ. ಶನಿವಾರ ನಾನು ಮ್ಯೂಸಿಯಮ್ಮಿನವರಿಗೆ ಟೆಲಿಗ್ರಾಂ ಕೊಡ್ಬೇಕು. ಚಿತ್ತಾರದ ಫೋಟೋ ಮಾತ್ರ ಕಳಿಸ್ತೀವಿ ಅಂತ ಹೇಳ್ತೀನಿ.”

ಜಲಜ ಎದ್ದು ಹಿತ್ತಲಿಗೆ ಹೋದಳು.

ಮಾಸ್ತಪ್ಪನಿಗೆ ಆ ಕ್ಷಣದಲ್ಲಿ ಒಳಗೊಳಗೇ ಸಮಾಧಾನವಾದದ್ದು ಸುಳ್ಳಲ್ಲ. ಇವಳು ಹೋಗುವುದಿಲ್ಲ. ನಾಳೆಯೂ ಬಸ್ಸು ಹತ್ತಿ ಬರಬಹುದು, ಇನ್ನೊಂದು ತಿಂಗಳು ಬಿಟ್ಟು ಹೇಳುವುದನ್ನು ಹೇಳಬಹುದು. ಸುಮ್ಮನಿದ್ದರೆ ಸಾಕಿತ್ತು. ಆದರೆ ಹಿತ್ತಲಲ್ಲಿ ಅವಳು ಒರಳಿನ ಮೇಲೆ ಕೂತಿದ್ದ ರೀತಿ ನೋಡಿದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಹತ್ತಿರ ಹೋದ.

“ನಂಗೆ ತಲೆ ಇಲ್ಲ,” ಎಂದಳು ಜಲಜ, ಮುಖ ಎತ್ತದೆ. “ಇಷ್ಟು ಸಣ್ಣ ಕೆಲಸ. ದೊಡ್ಡಮ್ಮ ಒಬ್ಬರಿಗೂ ಹೇಳಿಲ್ಲ, ಆದ್ರೆ ಹೊಸ ಸೀರೆಗೆ ಮೊನ್ನೆನೇ ಫಾಲ್ ಹೊಲಿಸಿದಾರೆ. ನನ್ನಿಂದ ಅವರ ಪ್ರಯಾಣಾನೂ ನಿಲ್ತು.”

“ನಿಮ್ಮ ತಪ್ಪಲ್ಲ. ನೀವು ಕಲೀಲಿಲ್ಲ ಅಂತಲ್ಲ, ನಾನು ಕಲಿಸ್ಲಿಲ್ಲ. ಹತ್ತು ಎಣಿಸಿ ಎಳ್ಕೊಳಿ ಅಂದಿದ್ರು. ಒಂದಿನಾನೂ ಎಳ್ಕೊಳ್ಲಿಲ್ಲ.”

“ಎಂತಕ್ಕೆ?”

“ನಿಮ್ಮ ಕೈ ಅಲ್ಲಿ ಬಂದು ನಿಂತಿರ್ತಿತ್ತು. ಮನಸ್ಸಾಗ್ಲಿಲ್ಲ.”

ಜಲಜ ತಲೆಯೆತ್ತಿದಳು. ಕಣ್ಣು ಒದ್ದೆಯಿತ್ತು, ದನಿ ಒಣಗಿತ್ತು. “ನಾನು ಹೋಗ್ಬಾರ್ದು ಅಂತ ಹೀಗ್ ಮಾಡಿದ್ರಾ?”

ಸುಳ್ಳು ಹೇಳುವುದು ಸುಲಭವಿತ್ತು. ಮಾಸ್ತಪ್ಪ ಕಾಲ ಹತ್ತಿರದ ತರಗೆಲೆ ನೋಡಿದ.

“ಮೊದಲ್ನೇ ದಿನ ಹಾಗಿರ್ಲಿಲ್ಲ. ಆಮೇಲಾಮೇಲೆ... ಇದ್ದಿರ್ಬೋದು. ನೀವು ಇಲ್ಲೇ ಇರ್ಬೇಕು ಅಂತ ಆಸೆ ಇತ್ತು. ಈಗ್ಲೂ ಇದೆ.”

ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು.

“ಬನ್ನಿ, ಹಿಂದೆ ಕೂತ್ಕಳಿ. ಶನಿವಾರಕ್ಕೆ ಇನ್ನೂ ಮೂರು ದಿನ ಇದೆ. ಬಾಯಿ ಬಿಟ್ರೆ ನೋಡಿ ಮತ್ತೆ!”

ಮೂರು ದಿನ ಮಾಸ್ತಪ್ಪ ಮೂಕನಾದ. ಹತ್ತು ಎಣಿಸಿದ, ಎಳೆದುಕೊಂಡ. ಅವಳ ಬೆರಳು ಖಾಲಿ ಕಂಡಿಯ ಮುಂದೆ ಬೆಪ್ಪಾಗಿ ನಿಂತಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಆದರೂ ಎಳೆದುಕೊಂಡ. ಒಮ್ಮೆ ಅವಳು ಸಿಟ್ಟಿನಿಂದ ಪೆಟ್ಟಿಗೆಗೆ ಗುದ್ದಿದಳು, ಇನ್ನೊಮ್ಮೆ ಅತ್ತಳು. ಪ್ರೀತಿ ಅಂದರೆ ಕೊಡುವುದು ಎಂದಷ್ಟೇ ತಿಳಿದಿದ್ದವನಿಗೆ ಆ ಮೂರು ದಿನ ಕಷ್ಟದ ದಿನಗಳಾದವು. ಶುಕ್ರವಾರ ಸಂಜೆ, ಅವನು ಇನ್ನೂ ನಾಲ್ಕು ಎಣಿಸುವಾಗಲೇ ನೋಟು ಅವನ ಕೈಯಿಂದ ಫಟ್ಟನೆ ಹೋಯಿತು. ಅವಳು ಕಿತ್ತುಕೊಂಡಿದ್ದಳು! ಜಗಲಿಯಲ್ಲಿದ್ದ ಕೆರಿಯಮ್ಮ, “ಅಯ್ಯೋ, ಎಂಥಾ ನಾಚಿಕೆಗೇಡಿ ಕೈ,” ಎಂದು ಮೊದಲ ಬಾರಿಗೆ ನಕ್ಕರು.

ಶನಿವಾರ ರೂತಮ್ಮನ ಎದುರು ಮೂರಕ್ಕೆ ಮೂರೂ ಸಲ ನೋಟು ಅವಳ ಕೈಗೆ ಬಂತು. ಹೊರಡುತ್ತೇವೆಂದು ಟೆಲಿಗ್ರಾಂ ಹೋಯಿತು.

ಏಪ್ರಿಲ್‌ನಲ್ಲಿ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಸಾಮಾನೆಲ್ಲ ಮೇಲೆ ಹಾಕಿಯಾದ ಮೇಲೆ ಮಾಸ್ತಪ್ಪ ಕಿಟಕಿಯ ಕೆಳಗೆ ನಿಂತು, “ಜಲಜಾ, ಒಂದ್ ಮಾತು ಕೇಳ್ಬೇಕಿತ್ತು,” ಎಂದ.

“ಈಗ ಕೇಳ್ಬೇಡಿ,” ಎಂದಳು ಅವಳು ಮೆಲ್ಲಗೆ. “ಈಗ ಎದೆ ಡವಡವ ಅಂತಿದೆ. ಈಗ ಕೇಳಿದ್ರೆ ಹೆದ್ರಿಕೇಲಿ ಹೂಂ ಅಂದು ಬಸ್ಸಿಳಿದು ಬಿಡ್ತೀನಿ. ಅಂಥ ಹೂಂ ನಿಮ್ಗೂ ಬೇಡ, ನಂಗೂ ಬೇಡ.”

ಬಸ್ಸು ಹೋಯಿತು. ಆರು ವಾರ ಮಾಸ್ತಪ್ಪ ಕುರ್ಚಿ ಮಾಡಿದ, ತೊಟ್ಟಿಲು ಮಾಡಿದ, ದಿನ ಎಣಿಸಿದ. ಎರಡು ಪೋಸ್ಟ್ ಕಾರ್ಡು ಬಂದವು. ಎರಡರಲ್ಲೂ ಚಿತ್ರವೇ ಹೆಚ್ಚು, ಅಕ್ಷರ ಕಡಿಮೆ. ಅಷ್ಟು ದೂರ ಹೋದವಳ ಕಣ್ಣಿಗೆ ಇನ್ನು ಈ ಮರದ ಹೊಟ್ಟು ಹಾರುವ ಅಂಗಡಿ ಹಿಡಿಸೀತೇ ಎಂದು ಅವನು ಎಷ್ಟೋ ಸಲ ಯೋಚಿಸಿದ.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಸ್ವಲ್ಪ ಸೊರಗಿದ್ದಳು.

“ಯಾವಾಗ ಬಂದ್ರಿ?”

“ಮೊನ್ನೆ.” ಅವಳು ಸ್ಟೂಲು ಎಳೆದುಕೊಂಡು ಕೂತಳು. “ಹದಿನಾಲ್ಕು ಸಲ ದುಡ್ಡು ತೆಗೆದೆ. ಹಾಲೆಂಡಿನಲ್ಲಿ ಒಂದ್ಸಲ ನಂಬರ್ ಮರೆತೋಯ್ತು. ಹಿಂದೆ ಉದ್ದ ಕ್ಯೂ. ಅಲ್ಲೇ ಕಣ್ಮುಚ್ಕೊಂಡು ಉಸಿರೆಳ್ಕೊಂಡೆ, ನೆನಪಾಯ್ತು. ಯಾರ ಸಹಾಯಾನೂ ಬೇಕಾಗ್ಲಿಲ್ಲ. ನೀವಿಲ್ದೇನೂ ನಡೀತದೆ ಅಂತ ಅವತ್ತು ಗೊತ್ತಾಯ್ತು.”

ಮಾಸ್ತಪ್ಪನ ಮುಖ ಇಳಿಯಿತು. “ಒಳ್ಳೇದೇ ಆಯ್ತಲ್ಲ,” ಎಂದು ರಂದ ಹೊಡೆದು ನುಣುಪು ಮಾಡುತ್ತಿದ್ದ ಹಲಗೆಯನ್ನೇ ಸವರಿದ.

“ಪೂರ್ತಿ ಕೇಳಿ, ಮಾರಾಯ್ರೇ. ನಡೀತದೆ, ನಿಜ. ಆದ್ರೆ ಎಂತ ನೋಡಿದ್ರೂ ಇದನ್ನ ಮಾಸ್ತಪ್ಪಂಗೆ ಹೇಳ್ಬೇಕು ಅನ್ನಿಸ್ತಿತ್ತು. ಟ್ರ್ಯಾಮು ನೋಡಿದ್ರೂ ಅಷ್ಟೇ, ಮರದ ಬಾಗಿಲು ನೋಡಿದ್ರೂ ಅಷ್ಟೇ. ಈಗ ಹೇಳೋದು ಸುಮಾರು ಬಾಕಿ ಬಿದ್ದಿದೆ.” ಅವಳು ಎದ್ದು ನಿಂತು, ಅವನನ್ನು ನೇರವಾಗಿ ನೋಡಿದಳು. “ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಎಂತ ಕೇಳ್ಬೇಕಿತ್ತು?”

ಆರು ವಾರ ಗಟ್ಟಿ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಒಂದೇ ಕ್ಷಣಕ್ಕೆ ಮರೆತುಹೋಯಿತು. ಮರೆಯಾಗಿ ಕೂರಲು ಈಗ ಹಲಗೆಯೂ ಅಡ್ಡವಿರಲಿಲ್ಲ. ಉಳಿದದ್ದು ಒಂದೇ ವಾಕ್ಯ.

“ನನ್ನ ಮದ್ವೆ ಆಗ್ತೀರಾ?”

“ಹೂಂ.”

ಆ ಹೂಂನಲ್ಲಿ ಎಲ್ಲಾದರೂ ಒಂದಿಷ್ಟು ಹೆದರಿಕೆ ಇದೆಯೇ ಎಂದು ಮಾಸ್ತಪ್ಪ ಕಿವಿಗೊಟ್ಟು ಕೇಳಿದ. ಇರಲಿಲ್ಲ.